ಇನ್ನೊಂದು ಹೆಜ್ಜೆ ಹಿಂದೆ

ರಜೆ ಬಂತೆಂದರೆ ಲೋಕವೆಲ್ಲ ಜನ ಇರುವ ಊರಿಗೆ ಹೋಗುತ್ತದೆ. ಸ್ಟುಡಿಯೋದವನೂ ಅವನ ಅಕ್ಕನ ಗಂಡನೂ ಮಾತ್ರ ಜನ ಬಿಟ್ಟುಹೋದ ಊರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಗಣಿ ಮುಚ್ಚಿ ಖಾಲಿಯಾದವು, ನೀರು ಬತ್ತಿ ಪಾಳುಬಿದ್ದವು, ಹೀಗೆ ಇಪ್ಪತ್ತೈದು ಹಾಳೂರು ನೋಡಬೇಕೆಂಬುದು ಇಬ್ಬರ ಪಣ. ಭೂಗೋಳದ ಮೇಷ್ಟ್ರಾದ ಭಾವ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ವಾರವೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದು ಬೇಸತ್ತ ಇವನು ಅಲ್ಲಿ ಮನಸಾರೆ ಚಿತ್ರ ತೆಗೆಯುತ್ತಿದ್ದ.

ಇಪ್ಪತ್ತನಾಲ್ಕು ಊರು ಮುಗಿದಾಗ ಆ ಊರುಗಳ ಮೇಲೊಂದು ಪುಸ್ತಕ ಬಂತು. ಒಳಗಿದ್ದ ಚಿತ್ರಗಳೆಲ್ಲ ಇವನವೇ. ಮೇಲೆ ಭಾವನ ಹೆಸರೊಂದೇ. ತನ್ನ ಹೆಸರನ್ನು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ. ಅಂದಿನವರೆಗೆ ಅವನ ಮನಸ್ಸಿನಲ್ಲಿ 'ಅವರು' ಆಗಿದ್ದ ಭಾವ, ಅಂದಿನಿಂದ 'ಅವನು' ಆದ.

ಅಕ್ಕನಿಗೆ ಹೇಳಿಕೊಂಡರೆ ಅವಳು ಕಣ್ಣು ತಪ್ಪಿಸಿದಳು. "ಯಾರ ಹೆಸರಾದ್ರೇನೋ? ಮನೆಯವರದ್ದೇ ತಾನೆ," ಅಂದಳು. ಹನ್ನೊಂದು ವರ್ಷ ಒಂದೇ ಬಾಟಲಿಯ ನೀರು ಕುಡಿದು ತಿರುಗಿದ್ದಕ್ಕೆ ಸಿಕ್ಕ ಪ್ರತಿಫಲ ಇದು. ಅವನ ಹೊಟ್ಟೆ ಉರಿಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

ಇಪ್ಪತ್ತೈದನೆಯದು ಹಳೆಯ ಗಣಿಯೂರು. ಕೂಲಿಗಳ ವಸತಿಗೃಹದ ಮೂರನೇ ಮಹಡಿಯಲ್ಲಿ ಉದ್ದನೆಯ ವರಾಂಡ, ಅದರ ಅಂಚಿಗೊಂದು ತುಕ್ಕು ಹಿಡಿದ ಕಬ್ಬಿಣದ ಕಟಕಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸೋಮವಾರ, ಮದುವೆ ಆರ್ಡರ್ ಇದೆಯೆಂದು ಮನೆಯಲ್ಲಿ ಹೇಳಿ, ಜನ ನಂಬಲೆಂದು ಕ್ಯಾಮೆರಾವನ್ನೂ ಹೆಗಲಿಗೇರಿಸಿ, ಒಬ್ಬನೇ ಹೋದ. ಕೈಗೆ ಗ್ಲೌಸ್, ಕಾಲಿಗೆ ಎರಡು ಸೈಜು ದೊಡ್ಡ ಬೂಟು. ಕಟಕಟೆಯ ನಾಲ್ಕು ನಟ್ಟು ಬಿಚ್ಚಿ, ಅದು ನೋಡುವವರಿಗೆ ಗಟ್ಟಿಯಾಗೇ ಕಾಣುವಂತೆ ಒರಗಿಸಿಟ್ಟ. ವಾಪಸು ಬರುವಾಗ ನಟ್ಟುಗಳನ್ನೂ ಸ್ಪ್ಯಾನರನ್ನೂ ದಾರಿಯ ಕೆರೆಗೆ ಎಸೆದ, ಬೂಟು ಸುಟ್ಟ.

ಭಾವನನ್ನು ನೂಕುವ ಅಗತ್ಯವೇ ಇರಲಿಲ್ಲ. ಸ್ಟುಡಿಯೋದಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು ಸಾಕಿತ್ತು. ಫೋಟೋದವನು ಹಿಂದೆ ಹೋಗಿ ಎಂದರೆ ಎಂಥ ಬುದ್ಧಿವಂತನೂ ಹಿಂದೆ ನೋಡದೆ ಹೋಗುತ್ತಾನೆ. ಪೊಲೀಸರಿಗೆ ತೋರಿಸಲು ಸಾಕ್ಷಿಯೂ ತಯಾರಾಗುತ್ತಿತ್ತು. ಕೊನೆಯ ಚಿತ್ರದಲ್ಲಿ ಭಾವ ನಗುತ್ತಿರುತ್ತಾನೆ, ತೆಗೆದವನು ಹತ್ತು ಮಾರು ದೂರದಲ್ಲಿರುತ್ತಾನೆ.

ಭಾನುವಾರ ವರಾಂಡ ಹತ್ತುವಾಗ, ಭಾವನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಇಳಿದು ಹೋಗೋಣವೆಂದು ಅವನಿಗೆ ಒಂದು ಕ್ಷಣ ಅನಿಸಿದ್ದೂ ನಿಜ. ಭಾವ ಅಂಗಿ ಸರಿಮಾಡಿಕೊಂಡು ಅಂದ: "ಚೆನ್ನಾಗಿ ತೆಗಿಯೋ. ನನ್ನ ಮುಂದಿನ ಪುಸ್ತಕದ ಮುಖಪುಟಕ್ಕೆ ಬೇಕು."

"ಇನ್ನೊಂದು ಹೆಜ್ಜೆ ಹಿಂದೆ ಹೋಗಿ ಭಾವ," ಅಂದ ಇವನು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದಾಗ ಇವನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಅಳು ಅರ್ಧ ನಿಜವೇ ಆಗಿತ್ತು. ತುಕ್ಕು ಹಿಡಿದ ಕಬ್ಬಿಣ, ಹಾಳುಬಿದ್ದ ಕಟ್ಟಡ, ಯಾರನ್ನು ದೂರುವುದು ಎಂದು ಇನ್‌ಸ್ಪೆಕ್ಟರೇ ಸಮಾಧಾನ ಹೇಳಿದರು. ಕೇಳುವ ಮೊದಲೇ ಇವನು ಕ್ಯಾಮೆರಾವನ್ನು ಅವರ ಕೈಗಿತ್ತ.

ಅವರು ಕೊನೆಯ ಚಿತ್ರದಿಂದ ಹಿಂದಕ್ಕೆ ಒಂದೊಂದೇ ನೋಡುತ್ತ ಹೋದರು. "ಪಾಪ, ಎಷ್ಟು ಖುಷಿಯಾಗಿದ್ದಾರೆ," ಅಂದರು. ಭಾನುವಾರದ ಹತ್ತೊಂಬತ್ತೂ ಮುಗಿದವು. ಬೆರಳು ಇನ್ನೊಮ್ಮೆ ಒತ್ತಿತು, ಅಲ್ಲೇ ನಿಂತಿತು. ಸೋಮವಾರ ಇವನು ಕೆಲಸ ಮುಗಿಸಿ ಹೊರಡುವಾಗ ವರಾಂಡದ ಮೇಲೆ ಓರೆಯಾಗಿ ಬಿದ್ದ ಬಿಸಿಲು ಅಷ್ಟು ಚೆನ್ನಾಗಿತ್ತು. ಇಪ್ಪತ್ತು ವರ್ಷದ ಅಭ್ಯಾಸ, ಅವನಿಗೇ ತಿಳಿಯದೆ ಒಂದು ಚಿತ್ರ ಒತ್ತಿಬಿಟ್ಟಿದ್ದ. ಬಿಸಿಲಿನ ನಡುವೆ ಕಟಕಟೆ, ಅದರ ಬುಡದಲ್ಲಿ ಸ್ಪ್ಯಾನರ್, ಪಕ್ಕದಲ್ಲಿ ಸಾಲಾಗಿ ನಾಲ್ಕು ನಟ್ಟು. ಕೆಳಗಿನ ಮೂಲೆಯಲ್ಲಿ ತಾರೀಕು, ಸಮಯ. ಅದರ ಪಕ್ಕದಲ್ಲಿ, ಇನ್ನು ಯಾರೂ ತನ್ನ ಚಿತ್ರ ಕದಿಯಬಾರದೆಂದು ಪುಸ್ತಕ ಬಂದ ವಾರವೇ ಪ್ರತಿ ಚಿತ್ರದ ಮೇಲೂ ಮೂಡುವಂತೆ ಕ್ಯಾಮೆರಾದಲ್ಲಿ ಕೂರಿಸಿದ್ದ ಅವನ ಪೂರ್ತಿ ಹೆಸರು.