ಎಂಟನೇ ಹಾಡಿಗೆ ಗಿಟಾರ್ ಇಲ್ಲ

ಹಾರ್ನ್ ಸದ್ದಿಗೆ ಶೈಲಶ್ರೀಯ ಹಾಡು ನಡುವೆಯೇ ತುಂಡಾಯಿತು.

ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಮುಂದೆ ಕೂತಿದ್ದ ವೀರೇಶ್ ತಲೆ ಎತ್ತಲಿಲ್ಲ. ಮದುವೆ ವಿಡಿಯೊ ಮಾಡುವ ಅವನಿಗೆ ಗದ್ದಲ ಹೊಸದಲ್ಲ.

"ಮತ್ತ ಹೋತು," ಎಂದ. "ತಡೀರಿ, ಆ ಲಾರಿ ಹೋಗ್ಲಿ."

"ಅದು ಹೋದ್ರ ಇನ್ನೊಂದು ಬರ್ತೈತಿ."

"ಬರ್ತೈತಿ. ಹೊಸಪೇಟೆ ಇದು. ಲಾರಿ ಬರದಂಗ ಮಾಡಾಕ ಯಾರ ಕೈಲಾಗ್ತೈತಿ?"

ಯಾರಾದರೂ ಮಾಡಲೇಬೇಕು... ಎಂದುಕೊಳ್ಳುತ್ತ ಅವಳು ಹೊರಗೆ ನಡೆದಳು. ಅವರು ರೆಕಾರ್ಡಿಂಗ್ ಮಾಡುತ್ತಿದ್ದದ್ದು ವೀರೇಶನ ಸೋದರಮಾವನ ಹಳೆಯ ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಮುಂದೆಯೇ ಸಂಡೂರಿನ ರಸ್ತೆ. ಅದಿರು ಹೇರಿಕೊಂಡ ಟಿಪ್ಪರೊಂದು, ಅಡ್ಡ ಬಂದ ಎತ್ತಿನ ಗಾಡಿಗೆ ಹಾರ್ನ್ ಹೊಡೆಯುತ್ತ ನಿಂತಿತ್ತು. ಶೈಲಶ್ರೀ ನೇರವಾಗಿ ಅದರ ಮುಂದೆ ಹೋಗಿ ಕೈಕಟ್ಟಿ ನಿಂತಳು.

ಕಿಟಕಿಯಿಂದ ಒಂದು ತಲೆ ಹೊರಬಂತು. ಕೂದಲು ಕೆಂಪು, ಹುಬ್ಬು ಕೆಂಪು, ರೆಪ್ಪೆಯೂ ಕೆಂಪು. ಕಣ್ಣು ಮಾತ್ರ ಬೆಳ್ಳಗೆ ನಗುತ್ತಿದ್ದವು.

"ಸಾಯಾಕ ಬ್ಯಾರೆ ಗಾಡಿ ಸಿಗ್ಲಿಲ್ಲೇನ್ರಿ?"

"ಹಾರ್ನ್ ಬಂದ್ ಮಾಡ್ರಿ."

"ರಸ್ತೆ ನಿಮ್ದೇನು?"

"ಹಾಡು ನಂದು."

ಅವನು ಒಂದು ಕ್ಷಣ ಅವಳನ್ನು ನೋಡಿ ಇಂಜಿನ್ನನ್ನೇ ಆರಿಸಿದ. ಆಗ ಕ್ಯಾಬಿನ್ನಿನೊಳಗಿನ ಟೇಪು ಕೇಳಿಸಿತು. ಸಿನಿಮಾ ಹಾಡಲ್ಲ... ಒರಟು ಗಿಟಾರು, ಗಂಟಲು ಕಟ್ಟಿದವನು ಹಟ ಹಿಡಿದು ಹಾಡಿದಂಥ ದನಿ. ಸೀಟಿನ ಹಿಂದೆ ಲುಂಗಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದು ನೇತಾಡುತ್ತಿತ್ತು.

"ಅದೇನದು?"

"ಹೆಣ." ಅವಳು ನಗಲಿಲ್ಲ. "ಗಿಟಾರ್ ರೀ. ನಗ್ರಿ ಸ್ವಲ್ಪ."

"ಬಾರಿಸಾಕ ಬರ್ತೈತೇನು?"

"ಹಿಂದ ಸಾಲು ನಿಂತೈತಿ, ನೀವು ಇಂಟರ್ವ್ಯೂ ತಗೊಳ್ಳಾಕ ಹತ್ತೀರಿ."

"ಸಂಜಿಗೆ ಬರ್ರಿ. ನಮ್ಮ ಗಿಟಾರಿನವ ಕೈಕೊಟ್ಟಾನ."

ಸಂಜೆ ಅವನು ಬಂದ. ಮುಖ ತೊಳೆದಿದ್ದ. ಆದರೂ ಕಿವಿಯ ಹಿಂದೆ ಧೂಳು ಉಳಿದಿತ್ತು. ಅದನ್ನು ನೋಡಿದ್ದೇಕೆ ಎಂದು ಶೈಲಶ್ರೀ ತನ್ನನ್ನೇ ಬೈದುಕೊಂಡಳು.

ಅವನ ಹೆಸರು ಹುಲುಗೇಶ್. ಅವನ ತಾಯಿ ತಿಪ್ಪಕ್ಕ ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಬಂದುಹೋಗುವ ವಿದೇಶಿಯರು ಚೀಲದ ಭಾರಕ್ಕೆ ಕ್ಯಾಸೆಟ್ಟುಗಳನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರು. ಒಬ್ಬ ಗಿಟಾರನ್ನೇ ಬಿಟ್ಟುಹೋಗಿದ್ದ. ಹುಲುಗೇಶನ ಶಾಲೆ, ಗುರು, ಎಲ್ಲ ಅದೇ.

ಅದು 2006. ಸಂಡೂರಿನ ಗುಡ್ಡಗಳು ಹಗಲಿರುಳೂ ಲಾರಿ ಏರಿ ಹೋಗುತ್ತಿದ್ದ ಕಾಲ. ಶೈಲಶ್ರೀಯ ಬ್ಯಾಂಡಿನ ಹೆಸರು 'ಕೆಂದೂಳು'. ಹಾಡು ಬರೆದು ಹಾಡುವವಳು ಅವಳು, ಡ್ರಮ್ಸ್ ಬಾರಿಸುವವನು ಮುರುಗೇಶ್, ರೆಕಾರ್ಡಿಂಗ್ ವೀರೇಶನದು. ಎಂಟು ಹಾಡಿನ ಮೊದಲ ಆಲ್ಬಮ್ ತರಬೇಕು, ಅದೂ ತಮ್ಮದೇ ಮಾತಿನಲ್ಲಿ. ಇದು ಅವಳ ಹಟ.

"ನಂಗ ಮೊದಲನೇ ಆಲ್ಬಮ್ ಅಂದ್ರ ಭಾಳ ಇಷ್ಟ," ಎಂದಿದ್ದ ಹುಲುಗೇಶ್, ತಂತಿ ಬಿಗಿಯುತ್ತ. "ಯಾವ ಬ್ಯಾಂಡ್ ಆಗ್ಲಿ. ಎರಡನೇದರಾಗ ತಾವು ಯಾರಂತ ಅವ್ರಿಗೆ ಗೊತ್ತಾಗಿರ್ತೈತಿ. ಮೊದಲನೇದರಾಗ ಗೊತ್ತಿರಲ್ಲ. ಅದಕ್ಕ ಅದರಾಗ ಸುಳ್ಳಿರಲ್ಲ."

"ಗೊತ್ತಿಲ್ದ ಹೆಂಗ ಮಾಡ್ತಾರ?"

"ಇಂಗ್ಲೆಂಡಿನಾಗ ಒಂದು ಕಾರ್ಖಾನಿ ಊರು ಮೇಡಂ. ನಾಲ್ಕು ಮಂದಿ ಹುಡುಗ್ರು. ಗಿಟಾರಿನವನ ಬೆರಳಿನ ತುದಿ ಮಷಿನ್ ತಿಂದಿತ್ತು. ಅಂಥಾವ್ರು ಒಂದ ದಿನದಾಗ ಮೊದಲ ಆಲ್ಬಮ್ ಬಾರಿಸಿ ಎದ್ರು. ಜಗತ್ತು ಇನ್ನೂ ಕೇಳಾಕತ್ತೈತಿ."

ಮುರುಗೇಶ್ ಡ್ರಮ್ಸ್ ಹಿಂದಿನಿಂದ ಕೂಗಿದ. "ನಮ್ಮ ಬೆರಳು ಎಲ್ಲಾ ಅದಾವಲೇ. ಅದಕ್ಕ ತಡ ಆಗಾಕತ್ತೈತಿ."

ಏಳು ಹಾಡು ಹೇಗೋ ಮುಗಿದವು. ಡ್ರಮ್ಸ್ ಸದ್ದಿನಲ್ಲಿ ಲಾರಿ ಸದ್ದು ಮುಚ್ಚಿಹೋಗುತ್ತಿತ್ತು. ಎಂಟನೆಯದು ಮಾತ್ರ ಜಗ್ಗಲಿಲ್ಲ. ಅದಕ್ಕೆ ಡ್ರಮ್ಸ್ ಇರಲಿಲ್ಲ. ಅವಳ ದನಿ, ಅವನ ಗಿಟಾರು, ಅಷ್ಟೆ.

ಶೈಲಶ್ರೀ ಬೆಳೆದದ್ದು ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಅಪ್ಪ ನಾಗೇಂದ್ರಪ್ಪನಿಗೆ ಗೇಟಿನ ಕೆಲಸ. ಮಳೆಗಾಲದಲ್ಲಿ ಗೇಟು ತೆರೆದರೆ ನೀರಿನ ಮೊರೆತಕ್ಕೆ ಮನೆಯವರೆಲ್ಲ ಕೂಗಿ ಮಾತಾಡಬೇಕು. ಗೇಟು ಮುಚ್ಚಿ ಸದ್ದು ನಿಂತ ಮೇಲೂ ಕೂಗುವ ರೂಢಿ ಬಿಡದು. "ಅನ್ನ ಹಾಕ್ಲೇನು" ಎಂದು ಅಮ್ಮ ಕೂಗಿ, ತನ್ನ ದನಿಗೆ ತಾನೇ ಬೆಚ್ಚಿ ನಗುತ್ತಿದ್ದಳು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ನಗುವಿಗೆ ಮುಂಚಿನ ಒಂದು ಕ್ಷಣದ ಮೌನವೇ ಎಂಟನೇ ಹಾಡು.

ಅದನ್ನು ಹಾರ್ನಿನ ನಡುವೆ ಹೇಗೆ ಹಾಡುವುದು?

ಪ್ರತಿ ಸಾಲಿಗೂ ನಿಂತು ಕಾಯಬೇಕಿತ್ತು. ಲಾರಿ ಹಾಯುವಷ್ಟು ಹೊತ್ತು ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ಅವಳು ಅವನನ್ನು ನೋಡುತ್ತಿದ್ದಳು, ಅವನು ಅವಳನ್ನು. ಸದ್ದು ನಿಂತ ಕೂಡಲೇ ಇಬ್ಬರೂ ಬೇರೆ ಕಡೆ ತಿರುಗುತ್ತಿದ್ದರು. ಕೆಲವೊಮ್ಮೆ ಲಾರಿ ತಡವಾದರೆ, ಯಾಕೆ ಇನ್ನೂ ಬರಲಿಲ್ಲ ಎಂದು ಅವಳ ಮನಸ್ಸೇ ಕೇಳುತ್ತಿತ್ತು...

ದಸರೆಗೆ ಮುಂಚೆ ವೀರೇಶ್ ಸುದ್ದಿ ತಂದ.

"ನಮ್ಮ ಮಾವ ಗೋದಾಮು ಅದಿರು ಇಡಾಕ ಕೊಟ್ಟಾನ. ಹಬ್ಬ ಮುಗಿದ ಕೂಡ್ಲೆ ಖಾಲಿ ಮಾಡ್ಬೇಕು."

ಏಳು ಹಾಡಿಗೇ ನಿಲ್ಲಿಸೋಣ ಎಂದ ಮುರುಗೇಶ್. ಶೈಲಶ್ರೀ ಒಪ್ಪಲಿಲ್ಲ.

"ಆ ಹಾಡಿಲ್ದಿದ್ರ ಆಲ್ಬಮ್ ಬ್ಯಾಡ. ಆಯುಧ ಪೂಜಿ ದಿನ ಒಂದ ಒಂದು ಲಾರಿನೂ ಓಡಲ್ಲ. ಅವತ್ತು ಮುಂಜಾನೆ ಹಾಡ್ತೀನಿ."

ಎಲ್ಲರೂ ಒಪ್ಪಿದರು. ಅವಳು ಎಷ್ಟು ಚೆನ್ನಾಗಿ ಯೋಚಿಸಿದ್ದಾಳೆ ಎಂದು ಎಲ್ಲರಿಗೂ ಅನ್ನಿಸಿತು. ಯೋಚಿಸದೆ ಬಿಟ್ಟದ್ದು ಒಂದೇ ಒಂದು.

ಪೂಜೆಯ ದಿನ ರಸ್ತೆ ನಿಜಕ್ಕೂ ಬರಿದಾಗಿತ್ತು. ವಾದ್ಯ ತರಲು ಅವಳು ಮುರುಗೇಶನ ಮನೆಗೆ ಹೋದಳು. ಧೂಳಿಗೆ ಹೆದರಿ ವಾದ್ಯಗಳನ್ನೆಲ್ಲ ಅಲ್ಲೇ ಇಡುತ್ತಿದ್ದರು. ಪಡಸಾಲೆಯಲ್ಲಿ ಡ್ರಮ್ಸಿಗೆ ಚೆಂಡುಹೂವಿನ ಮಾಲೆ. ಗಿಟಾರಿನ ಹೊಟ್ಟೆಯ ಮೇಲೆ ಮೂರೆಳೆ ವಿಭೂತಿ, ಕುಂಕುಮ. ಮುರುಗೇಶನ ತಾಯಿ ಜಂಬಮ್ಮ ಮುಂದೆ ಕೂತು ಊದುಬತ್ತಿ ಹಚ್ಚುತ್ತಿದ್ದಳು.

"ಅಮ್ಮಾ... ಗಿಟಾರ್ ಬೇಕಿತ್ತು."

"ನಾಳೆ ಬಾ."

"ಇವತ್ತ ಬೇಕು."

"ಯವ್ವಾ, ವರ್ಷಪೂರ್ತಿ ಬಡಿಸ್ಕೊಂತಾವು ಇವು. ಒಂದಿನ ಸೂಟಿ ಬ್ಯಾಡೇನು? ಲಾರಿಗೇ ಸೂಟಿ ಐತಿ."

ಲಾರಿ ನಿಲ್ಲುವ ದಿನವೇ ವಾದ್ಯವೂ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಕಂಡ ಹಬ್ಬ, ಅವಳಿಗೆ ಹೊಳೆದೇ ಇರಲಿಲ್ಲ. ಮುರುಗೇಶ್ ತಾಯಿಯ ಹಿಂದೆ ನಿಂತು ಕೈಚೆಲ್ಲಿದ.

ಹುಲುಗೇಶ್ ಅಷ್ಟರಲ್ಲಿ ಬಂದ. ಬಿಳಿ ಅಂಗಿ ತೊಟ್ಟಿದ್ದ. ಗಿಟಾರನ್ನು ನೋಡಿದ, ಜಂಬಮ್ಮನನ್ನು ನೋಡಿದ.

"ನೀವರ ಹೇಳ್ರಿ," ಎಂದಳು ಶೈಲಶ್ರೀ. "ನಿಮ್ಮ ಗಿಟಾರು."

ಅವನು ಬಾಯಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ಜೀಪು ನಿಂತಿತು. ಲಾರಿ ಮಾಲೀಕರ ಸೂಪರ್‌ವೈಸರ್ ಎರ್ರಿಯಪ್ಪ ಕೂಗಿದ.

"ಲೇ ಹುಲುಗ್ಯಾ, ಜಲ್ದಿ ಹತ್ತು. ಪೂಜಿ ಆತು, ಮೆರವಣಿಗಿ ಹೊಂಡ್ತೈತಿ. ಈ ಸಲ ಮುಂದಿನ ಗಾಡಿ ನಿಂದು. ಎಲ್ಲಾ ಗಾಡಿ ಹಾರ್ನ್ ಹೊಡಕೊಂತ ಊರೊಳಗ ಬರ್ಬೇಕು."

ಊರೊಳಗೆ ಬರುವ ದಾರಿ ಗೋದಾಮಿನ ಮುಂದೆಯೇ.

ಹುಲುಗೇಶ್ ರಸ್ತೆಯ ಕಡೆ ನೋಡಿ, ಅವಳ ಕಡೆ ತಿರುಗಿದ. "ಗಿಟಾರ್ ಇಲ್ದ ಹಾಡಾಕ ಆಗ್ತೈತೇನು ಮೇಡಂ?"

"ನೀವು ಹೋಗ್ತೀರಿ?"

"ಹೋಗ್ತೀನಿ."

"ಮುಂದಿನ ಗಾಡಿ ಅಂದ ಕೂಡ್ಲೆ?"

ಅವನು ಜೀಪು ಹತ್ತಿ ಕೂತ. ಜೀಪು ಹೋಯಿತು.

ಅಷ್ಟೇನಾ ಇವನು... ಶೈಲಶ್ರೀಯ ಕಣ್ಣು ಉರಿದವು. ಅಳುವುದಕ್ಕೆ ಸಮಯವಿರಲಿಲ್ಲ. ಮೆರವಣಿಗೆ ಬರುವ ಮುಂಚೆ ಎಷ್ಟು ಸಿಕ್ಕರೆ ಅಷ್ಟು. ಗೋದಾಮಿಗೆ ಓಡಿದಳು.

"ವೀರೇಶ್, ಕಂಪ್ಯೂಟರ್ ಹಚ್ಚು."

"ಗಿಟಾರು?"

"ನನ್ನ ಗಂಟಲಿಗೆ ಯಾರೂ ಕುಂಕುಮ ಹಚ್ಚಿಲ್ಲ."

ಮೊದಲ ಸಲ ಹಾಡಿದಾಗ ಸಿಟ್ಟು ಕೇಳಿಸಿತು. ನಿಲ್ಲಿಸಿದಳು. ಮತ್ತೆ ಹಾಡಿದಳು, ದನಿ ನಡುಗಿತು. ನೀರು ಕುಡಿದು, ಕಣ್ಣು ಮುಚ್ಚಿ ಕೂತಳು. ಇಷ್ಟರಲ್ಲಿ ಹಾರ್ನ್ ಬರಬೇಕಿತ್ತು. ಬರಲಿಲ್ಲ. ಏಕೆಂದು ಯೋಚಿಸುವ ಧೈರ್ಯ ಅವಳಿಗಾಗಲಿಲ್ಲ.

ಮೂರನೆಯ ಸಲ, ಅಮ್ಮನ ಸಾಲಿನ ಹತ್ತಿರ ಬಂದಾಗ, ಲಾರಿಗೆ ಕಾದು ಕಾದು ಆದ ರೂಢಿಯಿಂದ ಅವಳು ತಾನಾಗಿ ನಿಂತಳು. ಕಾದಳು. ಯಾವ ಸದ್ದೂ ಇಲ್ಲ. ಎಷ್ಟೋ ತಿಂಗಳ ಮೇಲೆ ಆ ಗೋದಾಮಿನ ಗೋಡೆ, ತಗಡು, ನೆಲ ಎಲ್ಲವೂ ಉಸಿರು ಹಿಡಿದು ತನ್ನ ಮಾತಿಗೆ ಕಾದಂತೆ ಅನ್ನಿಸಿತು. ಆ ಮೌನವನ್ನು ಒಳಗೆ ತುಂಬಿಕೊಂಡು ಮುಂದಿನ ಸಾಲು ಹಾಡಿದಳು.

ಮುಗಿದಾಗ ವೀರೇಶ್ ಕಣ್ಣೊರೆಸಿಕೊಂಡು, ಧೂಳು ಎಂದ.

ಅವಳು ಹೊರಗೆ ಬಂದಳು. ಆ ಮುಂದಿನ ಗಾಡಿಯವನಿಗೆ ಹೇಳಬೇಕಿತ್ತು... ನೀನಿಲ್ಲದೆಯೂ ಆಯಿತು ಎಂದು ಮುಖಕ್ಕೇ ಹೇಳಬೇಕಿತ್ತು. ಲಾರಿಗಳು ಹೊರಡುವ ಅದಿರಿನ ಸ್ಟಾಕ್‌ಯಾರ್ಡ್ ಕಡೆಗೆ ಬಿರುಸಾಗಿ ನಡೆದಳು. ತಿರುವು ದಾಟಿದ ಕೂಡಲೇ ಕಾಲು ನಿಂತವು.

ಬಾಳೆಕಂದು ಕಟ್ಟಿದ ಟಿಪ್ಪರೊಂದು ಇಡೀ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಅದರ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಹೂ ಮುಡಿದ ಲಾರಿಗಳು, ಎಲ್ಲದರ ಇಂಜಿನ್ನೂ ಆರಿತ್ತು. ಡ್ರೈವರುಗಳು ನೆರಳಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹುಲುಗೇಶ್ ಬಾನೆಟ್ಟಿನ ಹತ್ತಿರ ನಿಂತಿದ್ದ. ಎರ್ರಿಯಪ್ಪನ ಮುಖ ಕೆಂಪಾಗಿತ್ತು.

"ಪೂಜಿ ಮಾಡಿದ ಗಾಡಿ, ನಿಂಬಿಹಣ್ಣು ತುಳಿದ ಗಾಡಿ, ನೂರು ಗಜ ಹೋಗೂದ್ರಾಗ ಕೆಟ್ಟೈತಿ ಅಂದ್ರ ಎಂಥಾ ಅಪಶಕುನಲೇ. ಮಾಲೀಕರಿಗೆ ಏನು ಹೇಳ್ಲಿ? ಇನ್ನ ಈ ಗಾಡಿ ಯಾರು ಹತ್ತತಾರ?"

"ಯಾವ ಗಾಡಿಗೂ ನಿನ್ನ ಹತ್ತಸಂಗಿಲ್ಲ ಬಿಡು," ಎಂದ ಕೂತಿದ್ದವರಲ್ಲೊಬ್ಬ. "ನಿನ್ನ ಕೈಗುಣ ಸಾಕು."

"ಕೆಟ್ಟೈತ್ರಿ," ಎಂದ ಹುಲುಗೇಶ್ ತಣ್ಣಗೆ. "ಏನು ಮಾಡ್ಲಿ."

ಅವನು ತಲೆ ಎತ್ತಿದಾಗ ಶೈಲಶ್ರೀ ಕಂಡಳು. ಹುಬ್ಬು ಸ್ವಲ್ಪ ಏರಿಸಿದ. ಆತೇನು?

ಅವಳು ತಲೆಯಾಡಿಸಿದಳು. ಆತು.

ಹುಲುಗೇಶ್ ಕ್ಯಾಬಿನ್ ಏರಿ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು.

ನೆರಳಲ್ಲಿದ್ದವರ ಮಾತು ನಿಂತಿತು. ಎರ್ರಿಯಪ್ಪ ಲಾರಿಯನ್ನು ನೋಡಿದ, ಹುಡುಗಿಯನ್ನು ನೋಡಿದ, ಮತ್ತೆ ಲಾರಿಯನ್ನು ನೋಡಿದ.

"ಇಳಿ," ಎಂದ. "ಕೀಲಿ ಕೊಡು."

ಹುಲುಗೇಶ್ ಲಾರಿಯನ್ನು ನೇರ ನಿಲ್ಲಿಸಿ, ಇಳಿದು, ಕೀಲಿ ಕೊಟ್ಟ. ಸೀಟಿನ ಹಿಂದಿನ ಖಾಲಿ ಲುಂಗಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

ಇಬ್ಬರೂ ರಸ್ತೆಯ ಅಂಚಿನಲ್ಲಿ ನಡೆದರು. ಹಿಂದಿನಿಂದ ಮೆರವಣಿಗೆ ಹಾರ್ನ್ ಹೊಡೆಯುತ್ತ ಹಾಯ್ದು ಹೋಯಿತು. ಅದು ಮುಗಿಯುವವರೆಗೆ ಮಾತಿಲ್ಲ. ಈ ಸಲ ಸದ್ದು ನಿಂತ ಮೇಲೂ ಅವಳು ಬೇರೆ ಕಡೆ ತಿರುಗಲಿಲ್ಲ.

"ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

"ಕೆಲಸ ಹೋತಲ್ಲ."

"ಹೋತು."

"ಒಂದು ಹಾಡಿಗೋಸ್ಕರ?"

ಅವನು ಹೆಗಲ ಮೇಲಿನ ಲುಂಗಿ ಸರಿಮಾಡಿಕೊಂಡ. "ಮೊದಲನೇದರಾಗ ತಾವು ಯಾರಂತ ಗೊತ್ತಿರಲ್ಲ ಅಂದಿದ್ದೆ ನೋಡ್ರಿ... ನಂಗೂ ಗೊತ್ತಿರ್ಲಿಲ್ಲ ಮೇಡಂ. ಗಾಡಿ ಅಡ್ಡ ನಿಂದ್ರಿಸಿದ ಮ್ಯಾಲೆ ಗೊತ್ತಾತು. ಇದು ನಂಗ ಮೊದಲು."

ಶೈಲಶ್ರೀ ಕೈ ಚಾಚಿ ಅವನ ಕಿವಿಯ ಹಿಂದಿನ ಧೂಳನ್ನು ಒರೆಸಿದಳು. ಎಷ್ಟೋ ದಿನದ ಆಸೆ ಅದು.

"ನಂಗೂ," ಎಂದಳು. "ಇನ್ನ ಮೇಡಂ ಅನಬ್ಯಾಡ."

ಮರುದಿನ ಜಂಬಮ್ಮ ತಾನೇ ಗಿಟಾರ್ ಒರೆಸಿ ಕಳಿಸಿಕೊಟ್ಟಳು. ಗೋದಾಮು ಖಾಲಿ ಮಾಡಲು ಇನ್ನೂ ಅರ್ಧ ದಿನವಿತ್ತು. ಹಾಡಿನ ಮೇಲೆ ಗಿಟಾರ್ ಕೂರಿಸೋಣ ಎಂದ ವೀರೇಶ್. ಹುಲುಗೇಶ್ ತಂತಿ ಬಿಗಿದು ಸಿದ್ಧನಾದ.

"ಬ್ಯಾಡ," ಎಂದಳು ಶೈಲಶ್ರೀ. "ಎಂಟನೇ ಹಾಡಿಗೆ ಗಿಟಾರ್ ಇಲ್ಲ."

"ಹಂಗಾದ್ರ ಅದರಾಗ ನಾನಿಲ್ಲ?"

"ಗಿಟಾರ್ ಹಾಕಿದ್ರ ನೀನು ಮುಚ್ಚಿಹೋಗ್ತಿ."

ಸಂಕ್ರಾಂತಿಯ ಹೊತ್ತಿಗೆ ಸಿ.ಡಿ. ಬಂತು. ಹುಲುಗೇಶ್ ಆಗ ಕಂಪ್ಲಿಯ ಖಾಸಗಿ ಬಸ್ ಓಡಿಸುತ್ತಿದ್ದ. ಶೈಲಶ್ರೀ ಮೊದಲ ಪ್ರತಿಯನ್ನು ಬಸ್ಸಿಗೇ ತಂದು, ಪ್ಲೇಯರಿಗೆ ಹಾಕಿಸಿ, ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಕೊನೆಯ ಹಾಡಿನ ಹೊತ್ತಿಗೆ ಹೊರಗೆ ಕಾಲುವೆ ನೀರಿನ ಗದ್ದೆಗಳು ಹಸಿರಾಗಿ ಓಡುತ್ತಿದ್ದವು. ಹೊದಿಕೆಯ ಹಿಂದೆ ಆ ಹಾಡಿನ ಕೆಳಗೆ ಎರಡೇ ಸಾಲು ಅಚ್ಚಾಗಿದ್ದವು. ಗಾಯನ: ಶೈಲಶ್ರೀ. ಮೌನ: ಹುಲುಗೇಶ್.

"ಅಪ್ಪ ಓದಿದ್ರು," ಎಂದಳು ಮುಂದೆ ಬಾಗಿ. "ಮೌನ ಅಂದ್ರ ಯಾವ ವಾದ್ಯ ಅಂತ ಕೇಳಿದ್ರು."

"ಏನಂದಿ?"

"ಮನಿಗೆ ಕರಕೊಂಡು ಬರ್ತೀನಿ, ನೀವ ನೋಡ್ರಿ ಅಂದೆ. ಬರ್ತೀಯೇನು?"

ಅವನು ಉತ್ತರಿಸುವಷ್ಟರಲ್ಲಿ ಹಾಡು ಅಮ್ಮನ ಸಾಲಿನ ಹತ್ತಿರ ಬಂದು ನಿಂತಿತು. ಬಸ್ಸಿನೊಳಗೆ ಸದ್ದಡಗಿತು.

ಮುಂದಿನ ಸೀಟಿನ ಮುದುಕಿ ಸಂಗಮ್ಮ ಚೀಲ ಸರಿಸಿ ಕತ್ತು ಚಾಚಿದಳು. "ಡ್ರೈವರಣ್ಣ, ನಿನ್ನ ಟೇಪು ಕೆಟ್ಟೈತಿ ನೋಡು."

"ಕೆಟ್ಟಿಲ್ಲಬೇ," ಎಂದ ಹುಲುಗೇಶ್. "ಅದು ನನ್ನ ಭಾಗ."

ದನಿ ಮರಳಿ ಬಂತು. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ.

"ಬರ್ತೀನಿ, ಶೈಲಾ. ಗಿಟಾರ್ ತರ್ಲೇನು?"

"ತಾ," ಎಂದಳು ಅವಳು. "ಅವತ್ತು ನಾ ಸುಮ್ನಿರ್ತೀನಿ. ನೀ ಬಾರಿಸು."