ಪಾದರಸದ ಸದ್ದು

"ಎಂಜಿನಿಯರ್ ಸಾರ್, ಆ ಬಾಗಿಲಿಗೆ ಮಾತ್ರ ಕೈ ಹಾಕಬೇಡಿ. ಕಟ್ಟು ಹಾಕಿದ್ದೇನೆ."

ದೇಜಪ್ಪ ಹೇಳಿದ್ದು ಇಷ್ಟೇ. ಕೊಲ್ಲಿ ನಾಡಿನ ಶುವೈಖ್‌ನ ಆ ಗೋದಾಮಿನ ಒಳಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಂದು ಖರ್ಜೂರದ ಗರಿ ಬಿಗಿದಿತ್ತು. ಅದರ ನಡುವೆ ಅರಿಸಿನ ಮೆತ್ತಿದ ದಾರದ ಗಂಟು, ಗಂಟಿನೊಳಗೆ ಇದ್ದಿಲ ಚೂರು, ಒಣಮೆಣಸು. ಅವನ ತುಳುನಾಡಿನಲ್ಲಿ ಕಾಯಿ ತುಂಬಿದ ಹಲಸಿನ ಮರಕ್ಕೆ ದೈವದ ಹೆಸರಿನಲ್ಲಿ ಹೀಗೆ ಕಟ್ಟು ಹಾಕುತ್ತಾರೆ. ಹಾಕಿದ ಮೇಲೆ ಕಳ್ಳರೂ ಆ ಮರದ ನೆರಳು ತಪ್ಪಿಸಿ ನಡೆಯುತ್ತಾರೆ. ಇಲ್ಲಿ ತೆಂಗಿನ ಗರಿ ಸಿಗದೆ ಖರ್ಜೂರದ್ದು ಕಟ್ಟಿದ್ದ.

ಅನಂತರಾಮುವಿಗೆ ನಗು ತಡೆಯಲಾಗಲಿಲ್ಲ. "ಅಲ್ರೀ ದೇಜಪ್ಪ, ನಿಮ್ಮ ದೈವಕ್ಕೆ ಇಲ್ಲಿರೋ ಪರವಾನಗಿ, ಇಕಾಮಾ ಆಗಿದೆಯೇನ್ರೀ? ಜಾಮೀನು ನಿಂತ ಕಫೀಲ್ ಯಾರು?"

ಸುತ್ತ ಚಾಪೆ ಹಾಸಿ ಕೂತಿದ್ದವರೂ ನಕ್ಕರು. ಇರಾಕಿನ ಸೈನ್ಯ ನುಗ್ಗಿ ತಿಂಗಳು ಕಳೆದಿತ್ತು. ಅಲ್ಲಿಯವರೆಗೆ ಆ ಗೋದಾಮಿನಲ್ಲಿ ಯಾರೂ ನಕ್ಕಿರಲಿಲ್ಲ.

"ಅದು ಪಾಸ್‌ಪೋರ್ಟ್ ಇಲ್ಲದೆ ನನ್ನೊಟ್ಟಿಗೆ ಬಂದದ್ದು ಸಾರ್. ತಮಾಷೆ ಬೇಡ ಮಾರಾಯ್ರೆ," ಎಂದ ದೇಜಪ್ಪ.

ಒಳಕೋಣೆಯಲ್ಲಿದ್ದದ್ದು ಹಳೆಯ ಗಡಿಯಾರಗಳು, ಹಳೆಯ ಬಾರೋಮೀಟರುಗಳು. ದೇಶದೇಶದ ಶೋಕಿದಾರರು ಹುಡುಕಿಕೊಂಡು ಬರುತ್ತಿದ್ದ ಸಾಮಾನು. ಅಂಗಡಿಯ ಯಜಮಾನ ಬೇಸಿಗೆಗೆಂದು ಲಂಡನ್ನಿಗೆ ಹೋದವನು ಅಲ್ಲಿಯೇ ಸಿಕ್ಕಿಕೊಂಡಿದ್ದ. ಹೋಗುವಾಗ ಗೋದಾಮಿನ ಬೀಗದ ಕೈ ಕೊಟ್ಟದ್ದು ದೇಜಪ್ಪನಿಗೆ. ಸದ್ದು ಕೇಳಿ ಸೈನಿಕರು ಬಂದಾರೆಂದು ಅವನು ಎಲ್ಲ ಲೋಲಕಗಳನ್ನೂ ನಿಲ್ಲಿಸಿದ್ದ. ಬೀದಿಗೆ ಬಿದ್ದ ನಮ್ಮ ಕಡೆಯ ಮೂವತ್ತು ಜನರನ್ನು ಹೊರಕೋಣೆಗೆ ಕರೆದು ಜಾಗ ಕೊಟ್ಟವನೂ ಅವನೇ.

ಅನಂತರಾಮು ಮೈಸೂರಿನಿಂದ ಬಂದು ನಾಲ್ಕು ತಿಂಗಳಾಗಿರಲಿಲ್ಲ. ಗೋದಾಮಿನಲ್ಲಿ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು. ರೇಡಿಯೋದ ಇಂಗ್ಲಿಷ್ ಸುದ್ದಿ ಕೇಳಿ ಬಿಡಿಸಿ ಹೇಳುವವನು ಅವನೇ. ಆದರೆ ಜೋರ್ಡಾನಿಗೆ ಹೊರಟ ಬಸ್ಸಿನಲ್ಲಿ ಗೋದಾಮಿನಲ್ಲೇ ಇದ್ದ ಆಂಥೋನಿ ಎಲ್ಲರಿಗಾಗಿ ಮಾಡಿಸಿದ ಸೀಟುಗಳು ಹಳಬರಿಗೇ ಮುಗಿದಿದ್ದವು. ಹೆಂಡತಿ ವೇದಾವತಿ ಮಾತಾಡುವುದನ್ನೇ ಬಿಟ್ಟಿದ್ದಳು. ಐದು ವರ್ಷದ ಸಿಂಚನಾ ಖುಬೂಸ್ ರೊಟ್ಟಿಯ ಒಣ ಅಂಚನ್ನು ಚೀಪುತ್ತಿದ್ದಳು.

ಬಸ್ಸಿನವನು ಅನಂತರಾಮುವನ್ನು ಪಕ್ಕಕ್ಕೆ ಕರೆದ. ಹಣ ಬೇಡವಂತೆ. ಬಾಗ್ದಾದಿನಲ್ಲಿ ಅವನಿಗೊಬ್ಬ ದೊಡ್ಡ ಮನುಷ್ಯ ಗೊತ್ತು. ಅವನಿಗೆ ಹಳೆಯ ಸಾಮಾನಿನ ಹುಚ್ಚು. ಅಂಥದ್ದೊಂದು ತಂದರೆ ಮೂವರಿಗೂ ಜಾಗ.

ದೇಜಪ್ಪ ರೊಟ್ಟಿಯ ಸಾಲಿಗೆ ಹೋಗಿದ್ದ ಮಧ್ಯಾಹ್ನ, ಉಳಿದವರು ಸೆಖೆಗೆ ಮಗ್ಗುಲಾಗಿದ್ದಾಗ, ಅನಂತರಾಮು ಎದ್ದ. ಬ್ಲೇಡಿನಿಂದ ಗರಿ ಕೊಯ್ದ. ಒಣಮೆಣಸಿನ ಘಾಟು ಮೂಗಿಗೆ ಬಡಿಯಿತು. ಬಾಗಿಲ ಚಿಲಕ ಸರಿಸಿದ.

ಒಳಗೆ ಕತ್ತಲು. ಎಣ್ಣೆ, ಹಿತ್ತಾಳೆ, ಹಳೇ ಮರ ಬೆರೆತ ವಾಸನೆ. ಗೋಡೆಯುದ್ದಕ್ಕೂ ಬಿಳಿ ಮುಖಗಳು. ಒಂದಕ್ಕೂ ಉಸಿರಿಲ್ಲ. ಗಡಿಯಾರ ಎತ್ತಿದರೆ ಗಂಟೆ ಹೊಡೆದೀತು ಎಂದು ಅವನು ಮೂಲೆಯ ಉದ್ದನೆಯ ಬಾರೋಮೀಟರಿಗೆ ಕೈ ಹಾಕಿದ. ಒಳಗಿನ ಗಾಜಿನ ನಳಿಗೆಯಲ್ಲಿ ಪಾದರಸ. ನೇರ ಹಿಡಿದು ಒಯ್ದರೆ ಕುಲುಕಿ ಗಾಜು ಒಡೆಯುತ್ತದೆ, ಮೆಲ್ಲಗೆ ಓರೆ ಮಾಡಬೇಕು. ಅಷ್ಟು ಅವನಿಗೆ ಗೊತ್ತಿತ್ತು. ಓರೆ ಮಾಡಿದ. ಪಾದರಸ ಮೇಲಕ್ಕೇರಿ ನಳಿಗೆಯ ನೆತ್ತಿಗೆ ಬಡಿಯಿತು.

ಟಕ್.

ಯಾರೋ ನಾಲಿಗೆ ಲೊಟ್ಟೆ ಹೊಡೆದಂತೆ. ಅವನು ತಿರುಗಿ ನೋಡಿದ. ಯಾರೂ ಇರಲಿಲ್ಲ. ಅದನ್ನು ಚಾದರದಲ್ಲಿ ಸುತ್ತಿ ಹೊರಗೆ ಕಾದಿದ್ದ ಬಸ್ಸಿನವನ ಕೈಗಿತ್ತು, ಕೊಯ್ದ ಗರಿಯನ್ನು ಬಾಗಿಲಿಗೆ ಮೊದಲಿದ್ದಂತೆ ಸಿಕ್ಕಿಸಿಟ್ಟ.

ಮರುದಿನ ಬೆಳಿಗ್ಗೆ ಬಸ್ಸು ಬಾಗಿಲಿಗೆ ಬಂತು. ಎಲ್ಲರೂ ಗಂಟುಮೂಟೆ ಹಿಡಿದು ನಿಂತಾಗ ದೇಜಪ್ಪ ಒಳಬಾಗಿಲ ಕಡೆಯಿಂದ ಬಂದ. ಕೈಯಲ್ಲಿ ಕೊಯ್ದ ಗರಿ. ಮುಖ ಬೂದಿಯಾಗಿತ್ತು.

"ಒಂದು ಬಾರೋಮೀಟರ್ ಇಲ್ಲ. ಯಾರ ಚೀಲವನ್ನೂ ನಾನು ಬಿಚ್ಚಿಸುವುದಿಲ್ಲ. ಈ ಗಂಟು ಮುಟ್ಟಿ, ತೆಗೆಯಲಿಲ್ಲ ಅಂತ ಹೇಳಿ ಬಸ್ಸು ಹತ್ತಿ. ಅಷ್ಟೇ ಸಾಕು."

"ನಾನೇ ಮೊದಲು ಮುಟ್ತೇನೆ, ಕ್ರಿಶ್ಚಿಯನ್ ಪೊರ್ಬು ಆದ್ರೆ ಎಂತ," ಎಂದು ಆಂಥೋನಿ ಮುಂದೆ ಬಂದ. ಒಬ್ಬೊಬ್ಬರೇ ಮುಟ್ಟಿದರು. ಅನಂತರಾಮುವಿನ ಸರದಿ ಬಂತು. ಎಲ್ಲರ ಕಣ್ಣೂ ತನ್ನ ಮೇಲೆಯೇ ಇದ್ದಂತೆ ಅವನಿಗೆ ಅನಿಸಿತು. ಆ ಕೊಳಕು ದಾರವನ್ನು ಮುಟ್ಟಲು ಬೆರಳು ಬಗ್ಗಲಿಲ್ಲ.

"ಇದೆಲ್ಲ ಯಾತಕ್ರೀ? ನಮ್ಮ ಕಡೆ ಹೀಗೆ," ಎಂದವನೇ ಸಿಂಚನಾಳ ನೆತ್ತಿಯ ಮೇಲೆ ಅಂಗೈ ಊರಿದ. "ನನ್ನ ಮಗಳಾಣೆ, ನಾನು ತೆಗೆದಿಲ್ಲ."

"ಬೇಡ ಸಾರ್!" ದೇಜಪ್ಪ ಕಿರುಚಿದ. "ಮಗುವನ್ನು ಎಳೆಯಬೇಡಿ! ನಾನು ಅದನ್ನು ಕೇಳಲಿಲ್ಲ, ಕೇಳಲಿಲ್ಲ..."

ಟಕ್.

ಸದ್ದು ಬಂದದ್ದು ಮಗುವಿನ ಗಂಟಲೊಳಗಿಂದ.

ಸಿಂಚನಾ ಬಾಯಿ ತೆರೆದಳು. "ಅಪ್ಪಾ, ಒಳಗೇನೋ ತಣ್ಣಗಿದೆ," ಎಂದಳು. ಕುಸಿದಳು. ವೇದಾವತಿ ಬಾಚಿ ಎತ್ತಿಕೊಂಡಳು. ಮಗುವಿನ ಎದೆ ಏರಿತು. ಟಕ್. ಇಳಿಯಿತು. ಟಕ್. ಹಣೆಯಲ್ಲಿ ಬೆವರು ಒಡೆಯಿತು. ಬೆವರಲ್ಲ. ಬೆಳ್ಳಗೆ ಹೊಳೆಯುವ ಸಣ್ಣ ಗುಂಡುಗಳು. ಕೆನ್ನೆಗೆ ಅಂಟದೆ ಉರುಳಿ ನೆಲಕ್ಕೆ ಬಿದ್ದವು. ಒಡೆದವು. ಮತ್ತೆ ಕೂಡಿಕೊಂಡವು.

"ತೆಗೆದವರು ಹೇಳಿ," ದೇಜಪ್ಪ ಮಂಡಿಯೂರಿ ಕೈ ಮುಗಿದ. "ಬೈಯುವುದಿಲ್ಲ, ಸಾಮಾನು ವಾಪಸ್ ಕೇಳುವುದಿಲ್ಲ. ನಾನು ಅಂತ ಒಂದು ಮಾತು ಬಂದರೆ ಗಂಟು ಬಿಚ್ಚುತ್ತೇನೆ. ಇಲ್ಲದಿದ್ದರೆ ಮಗು ಹೋಗುತ್ತದೆ, ಹೇಳಿ!"

ಹೊರಗೆ ಬಸ್ಸು ಹಾರ್ನ್ ಬಾರಿಸಿತು. ಅನಂತರಾಮುವಿನ ನಾಲಿಗೆಯ ತುದಿಯಲ್ಲಿ ಆ ಮಾತು ಇತ್ತು. ಎದುರಿಗೆ ಮೂವತ್ತು ಮುಖ. ದಿನವೂ ಸಾರ್ ಎಂದು ಎದ್ದು ಜಾಗ ಬಿಡುತ್ತಿದ್ದ ಮುಖಗಳು. ಈಗ ಹೇಳುತ್ತೇನೆ ಎಂದುಕೊಂಡ. ಇನ್ನೊಂದು ಉಸಿರು ಆಗಲಿ. ಟಕ್. ಇನ್ನೊಂದು.

ವೇದಾವತಿ ಗಂಡನ ಕೈ ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಅರಿಸಿನ ಉಳಿದಿತ್ತು. ಅವಳು ಕಣ್ಣೆತ್ತಿ ಅವನ ಮುಖ ನೋಡಿದಳು. ಕಾದಳು. ಮಗುವಿನ ತುಟಿ ನೀಲಿಯಾಗತೊಡಗಿತು.

"ನಾನು," ಎಂದಳು. "ನಾನು ತೆಗೆದದ್ದು."

ದೇಜಪ್ಪ ತಲೆ ಎತ್ತಿದ. ಅವನ ದೃಷ್ಟಿ ಅವಳಿಂದ ಅನಂತರಾಮುವಿಗೆ ಹೋಗಿ, ಮತ್ತೆ ಅವಳಲ್ಲಿ ನಿಂತಿತು. "ಅಮ್ಮಾ, ಈ ಮಾತು ಸುಳ್ಳಾದರೆ ಅದು ಮಗುವನ್ನು ಬಿಟ್ಟು ನಿಮ್ಮನ್ನು ಹಿಡಿಯುತ್ತದೆ. ಆಮೇಲೆ ನನ್ನ ಕೈಯಲ್ಲಿಲ್ಲ. ನಿಜವಾಗಿ ತೆಗೆದವರೇ ಜನರ ಎದುರು ಬಾಯಿ ಬಿಡಬೇಕು. ಗೊತ್ತುಂಟಲ್ಲ?"

"ಗೊತ್ತು. ಬಿಚ್ಚಿ."

ಗಂಟು ಬಿಚ್ಚಿತು. ಸಿಂಚನಾ ದೊಡ್ಡದಾಗಿ ಉಸಿರೆಳೆದು ಅಳತೊಡಗಿದಳು.

ಸಾಮಾನು ಕಾಯಲು ಉಳಿದ ದೇಜಪ್ಪನನ್ನು ಬಿಟ್ಟು ಬಸ್ಸು ಹೊರಟಿತು. ಕಿಟಕಿಯಾಚೆ ಮರಳು, ಸುಟ್ಟ ಕಾರುಗಳು, ಮತ್ತೆ ಮರಳು. ಯಾರೂ ವೇದಾವತಿಯ ಕಡೆ ತಿರುಗಲಿಲ್ಲ. ಮುಂದಿನ ಸೀಟಿನ ಹೆಂಗಸು ತನ್ನ ಚೀಲವನ್ನು ಕಾಲ ಬಳಿಯಿಂದೆತ್ತಿ ಮಡಿಲಿಗಿಟ್ಟುಕೊಂಡಳು. "ಪಾಪದವನ ಅನ್ನಕ್ಕೆ ಮಣ್ಣು ಹಾಕಿದ್ಲು. ನೋಡಿದ್ರೆ ಎಷ್ಟು ಮರ್ಯಾದಸ್ಥೆ!" ಎಂಬ ಮಾತು ಕೇಳುವಷ್ಟು ಗಟ್ಟಿಯಾಗಿಯೇ ಬಂತು. ಇನ್ನೊಬ್ಬರು ಅನಂತರಾಮುವಿಗೆ ಅರ್ಧ ಖುಬೂಸು ಚಾಚಿದರು. "ತಿನ್ನಿ ಸಾರ್. ನೀವಾದರೂ ಏನು ಮಾಡ್ತೀರಿ."

ಅವನು ತೆಗೆದುಕೊಂಡ. ತಿಂದ.

ಗಡಿ ಸಮೀಪಿಸುವ ಹೊತ್ತಿಗೆ ಪಕ್ಕದಲ್ಲಿ ಸದ್ದು ಶುರುವಾಯಿತು. ಟಕ್. ಮೊದಲು ಬಿಟ್ಟು ಬಿಟ್ಟು. ಆಮೇಲೆ ಉಸಿರುಸಿರಿಗೂ. ಅವಳ ಕೈ ಹಿಡಿದ. ಸೀಸದಷ್ಟು ಭಾರ. ತಣ್ಣಗೆ. ಸೆರಗಿನ ಅಂಚಿನಿಂದ ಬೆಳ್ಳಿಯ ಗುಂಡೊಂದು ಉರುಳಿ ಸೀಟಿನ ಕೆಳಗೆ ಓಡಿತು.

"ರೀ," ಎಂದಳು ವೇದಾವತಿ. ಅವಳ ಕಣ್ಣಿನ ಕಪ್ಪು ಮಸುಕಾಗಿ ಹೊಳೆಯುತ್ತಿತ್ತು. "ಇಲ್ಲಿ ಎಲ್ಲರೂ ಇದ್ದಾರೆ. ಒಂದು ಮಾತು. ಹೇಳಿಬಿಡಿ."

ಟಕ್. ಟಕ್.

ಅವನು ಎದ್ದ. ಮುಂದಿನ ಸೀಟಿನ ಸರಳು ಹಿಡಿದ. ಗಂಟಲು ಸರಿಮಾಡಿಕೊಂಡ. ಬಸ್ಸಿನ ತುಂಬ ತಲೆಗಳು ತಿರುಗಿದವು.

"ಎಂತ ಸಾರ್?" ಎಂದ ಆಂಥೋನಿ. "ಎಂತಾದ್ರೂ ಬೇಕಿತ್ತಾ?"

ಅನಂತರಾಮು ಬಾಯಿ ತೆರೆದ. ಎಲ್ಲರೂ ಕಾದರು.

"ಸ್ವಲ್ಪ ನೀರಿದೆಯಾ?" ಎಂದ.

ಬಾಟಲಿ ಕೈಯಿಂದ ಕೈಗೆ ದಾಟುತ್ತ ಅವನ ಕಡೆಗೆ ಬಂತು. ಅದು ತಲುಪುವಷ್ಟರಲ್ಲಿ ಪಕ್ಕದ ಸದ್ದು ನಿಂತಿತ್ತು.