ಉಳಿದುಹೋದ ಹನ್ನೊಂದು ಗಂಟೆ

ಕೊಟ್ಟುಬಿಡಲೇ? ಕೊಟ್ಟರೆ ಬರುವ ಶನಿವಾರದಿಂದ ಅವಳು ಇಲ್ಲಿಗೆ ಬರಬೇಕಾಗಿಯೇ ಇಲ್ಲ. ಕೊಡದಿದ್ದರೆ ಅವಳ ಮಗಳ ಸೀಟು ಹೋಗುತ್ತದೆ. ಇಷ್ಟು ಸುಲಭದ ಮಾತಿಗೆ ನಾನೇಕೆ ಇಷ್ಟು ಹೊತ್ತು ತಡವರಿಸುತ್ತಿದ್ದೇನೆ?

"ಏನ್ ಸಾರ್, ಕಂಬದ ಥರ ನಿಂತ್ಬಿಟ್ರಿ?" ಶಾಲೆಯ ಕ್ಲರ್ಕಮ್ಮ ಕನ್ನಡಕವನ್ನು ಹಣೆಗೇರಿಸಿದಳು. "ನಿಮ್ಮ ನಲವತ್ತು ಗಂಟೆ ಯಾವತ್ತೋ ಮುಗಿದಿದೆ. ಮೇಲೆ ಹನ್ನೊಂದು ಆಗಿದೆ. ಬೇರೆ ಯಾರ ಕಾರ್ಡಿಗಾದ್ರೂ ಬರೆಸ್ತೀರೋ, ಸುಮ್ನೆ ಹಾಳಾಗ್ಲೋ?"

ಆ ಶಾಲೆಯ ನಿಯಮವೇ ಹಾಗೆ. ಪ್ರತಿ ಮಗುವಿನ ಅಪ್ಪನೋ ಅಮ್ಮನೋ ವರ್ಷಕ್ಕೆ ನಲವತ್ತು ಗಂಟೆ ಶಾಲೆಗಾಗಿ ದುಡಿಯಬೇಕು. ಕಾರ್ಡು ತುಂಬದಿದ್ದರೆ ಮುಂದಿನ ವರ್ಷ ಸೀಟಿಲ್ಲ. ಅವನು ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಬಿಟ್ಟುಹೋದ ಮೇಲೆ ಮಗಳಿಗೆ ಅವನೊಬ್ಬನೇ. ಗಂಟೆ ಕೊಡಲೋ ಬೇಡವೋ ಎಂದು ಅವನು ಯೋಚಿಸುತ್ತಿದ್ದದ್ದು ಒಬ್ಬ ನರ್ಸ್‌ಗೆ; ಅವಳ ಗಂಡ ತೀರಿಕೊಂಡು ನಾಲ್ಕು ವರ್ಷ. ಇಬ್ಬರ ಪಾಲಿಗೂ ಬಿದ್ದದ್ದು ಒಂದೇ ಕೆಲಸ: ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುವುದು.

ನೈಟ್ ಡ್ಯೂಟಿ ಮುಗಿಸಿ ಅವಳು ಸೀದಾ ಬರುತ್ತಿದ್ದಳು. ಮೂರನೇ ಪುಸ್ತಕಕ್ಕೆಲ್ಲ ರೆಪ್ಪೆ ಜೋತುಬೀಳುತ್ತಿತ್ತು. ಕೈಯಲ್ಲಿ ಬ್ರಷ್ ಹಿಡಿದೇ ನಿದ್ದೆಹೋಗುತ್ತಿದ್ದಳು. ಅವನು ಬ್ರಷ್ ಮೆಲ್ಲಗೆ ಬಿಡಿಸಿ, ಅವಳ ಮುಂದಿದ್ದ ಪುಸ್ತಕವನ್ನೂ ತಾನೇ ಮುಗಿಸುತ್ತಿದ್ದ. ಅವನಿಗೂ ವಾರವೆಲ್ಲ ಲಿಫ್ಟಿನ ತಳದ ಗುಂಡಿಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿರುತ್ತಿತ್ತು. ಆದರೂ ಆ ಹೊತ್ತಿಗೆ ಅದು ನೆನಪಾಗುತ್ತಿರಲಿಲ್ಲ.

"ಎಷ್ಟು ಹೊತ್ತು ಮಲಗಿದ್ದೆ?" ಎಚ್ಚರವಾದಾಗ ಗಾಬರಿಯಿಂದ ಕೇಳುತ್ತಿದ್ದಳು.

"ಎರಡು ಪುಸ್ತಕದಷ್ಟು."

"ಗೊರಕೆ ಹೊಡೆದ್ನಾ?"

"ಲೈಬ್ರರಿ ಅಲ್ವಾ, ಮೆಲ್ಲಗೆ ಹೊಡೆದ್ರಿ."

ಅವಳು ಮುಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಯಾಸದ ಆ ಕಣ್ಣುಗಳ ಮೂಲೆಯಲ್ಲಿ ನಗು ಒಂದಿಷ್ಟು ಹೊತ್ತು ಉಳಿದಿರುತ್ತಿತ್ತು. ಆಮೇಲೆ ಕಾರ್ಡು ತೆಗೆದು, ಮಲಗಿದ ಹೊತ್ತನ್ನು ಕಳೆದು ಬರೆಯುತ್ತಿದ್ದಳು.

"ಅಯ್ಯೋ, ಪೂರ್ತಿ ಬರೀರಿ. ಯಾರು ನೋಡ್ತಾರೆ?"

"ನಿದ್ದೆ ಮಾಡಿದ್ದನ್ನ ಕೆಲ್ಸ ಅಂತ ಹೇಗ್ರೀ ಬರೀಲಿ? ನೀವು ನೋಡಿದ್ರಲ್ಲ!"

ಹಾಗೆ ಕಳೆದೂ ಕಳೆದೂ ವರ್ಷದ ಕೊನೆಗೆ ಹನ್ನೊಂದು ಗಂಟೆ ಕಮ್ಮಿ ಬಿದ್ದಿತ್ತು. ಕೊನೆಯ ದಿನಕ್ಕೆ ಉಳಿದದ್ದು ಒಂದೇ ವಾರ.

"ಅವರ ಕಾರ್ಡಿಗೆ ಬರೀರಿ ಮೇಡಂ, ಆ ನರ್ಸ್ ಕಾರ್ಡಿಗೆ," ಎಂದ ಅವನು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ ಅನ್ನಿಸಿತು. ಆದರೆ ಕೈ ಆಗಲೇ ಸಹಿ ಹಾಕಿತ್ತು.

ಮುಂದಿನ ಶನಿವಾರವೂ ಅವನು ಹೋದ. ಅರ್ಧ ಗಂಟೆಯ ಮೇಲೆ ಅವಳು ಬಂದು ಬಾಗಿಲಲ್ಲಿ ನಿಂತಳು. ಕೂರಲಿಲ್ಲ.

"ಆಫೀಸಿಂದ ಫೋನ್ ಬಂತು. ಮಗಳ ಸೀಟು ಉಳೀತಂತೆ," ಎಂದಳು. "ಒಂದು ಮಾತಾದ್ರೂ ಹೇಳ್ಬಾರ್ದಿತ್ತಾ ನೀವು?"

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ." ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಇವತ್ತು ಸೀದಾ ಮನೆಗೆ ಹೋಗಿ ಮಲಗ್ಬೋದಿತ್ತು. ಆದ್ರೂ ಬಂದೆ. ನಿಮ್ಮ ನಲವತ್ತು ಮುಗಿದು ಎರಡು ತಿಂಗಳಾಯ್ತಂತೆ?"

"ಹೂಂ."

"ಮತ್ತೆ ಯಾಕೆ ಬರ್ತಿದ್ರಿ?"

ಅವನು ಅಂಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡ. ಈಗ ಹೇಳಿದರೆ ಕೊಟ್ಟದ್ದಕ್ಕೆ ಪ್ರತಿಫಲ ಕೇಳಿದಂತಾಗುತ್ತದೆ. ಮಗಳ ಸೀಟಿನ ಋಣಕ್ಕೆ ಅವಳು ಹೂಂ ಎಂದುಬಿಟ್ಟರೆ, ಆ ಹೂಂ ಯಾವುದಕ್ಕೆಂದು ತನಗೆ ಎಂದಾದರೂ ತಿಳಿದೀತೇ?

"ಪುಸ್ತಕ ಇನ್ನೂ ಉಳಿದಿದ್ವಲ್ಲ," ಎಂದ.

ಅವಳು ಕಾದಳು. ಹೊರಗೆ ಮಕ್ಕಳ ಗಲಾಟೆ ಒಮ್ಮೆ ಏರಿ ಇಳಿಯಿತು.

"ಅಷ್ಟೇನಾ?"

"ಅಷ್ಟೇ. ಹೋಗಿ ಮಲಗಿ, ಕಣ್ಣು ಕೆಂಪಾಗಿದೆ."

ಅವಳು ತಲೆಯಾಡಿಸಿ ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತಳು, ತಿರುಗಲಿಲ್ಲ, ಮತ್ತೆ ನಡೆದಳು.

ನಿಮ್ಮ ಪಕ್ಕ ಕೂರೋದಕ್ಕೇ ಬರ್ತಿದ್ದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.